ಹಾಲುತೊಂಡೆ ಮನೆಯ ದುಪ್ಪಟಿ

ಶಿವಲಿಂಗಮ್ಮನ ಕತ್ತರಿ ಬಟ್ಟೆಯ ನಡುವೆಯೇ ನಿಂತುಬಿಟ್ಟಿತು.

“ಏನಂದೆ ಮಾರಕ್ಕ? ಇನ್ನೊಂದ್ಸಲ ಹೇಳು...”

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತ ಊರೂರು ತಿರುಗುವ ಮಾರಕ್ಕ ಜಗುಲಿಯ ಮೇಲೆ ಕೂತು ಎಲೆಅಡಿಕೆ ಮೆಲ್ಲುತ್ತಿದ್ದಳು. “ಅದೇ ಕಣವ್ವ, ಹೋದ ಸಲ ತಂದ್ಕೊಟ್ನಲ್ಲ, ನೀಲಿ ಹೂವಿನ ದುಪ್ಪಟಿ. ಕನಕಪುರದ ಕಡೆ ಒಂದು ಮನೇದು. ಪಾಪ, ಅವರ ರೇಷ್ಮೆ ಹುಳಕ್ಕೆಲ್ಲ ಹಾಲುತೊಂಡೆ ರೋಗ ಬಂದು ಒಂದೂ ಗೂಡು ಕಟ್ನಿಲ್ವಂತೆ. ಹುಳದ ಮನೇಲಿದ್ದ ಬಟ್ಟೇನೆಲ್ಲ ಒಂದು ಸ್ಟೀಲ್ ಬೋಸಿಗೆ ಕೊಟ್ಬುಟ್ರು. ಯಾಕವ್ವ, ಮೊಕ ಹಂಗ್ ಬಿಳುಚ್ಕತು?”

ಅಂಗಡಿಗಳಲ್ಲಿ ಪ್ಲಾಸ್ಟಿಕ್ ಕವರು ನಿಂತಾಗಿನಿಂದ ಶಿವಲಿಂಗಮ್ಮ ಹಳೇ ದುಪ್ಪಟಿ, ಪರದೆ, ದಿಂಬಿನ ಕವರುಗಳನ್ನು ಕೊಂಡು, ಕುದಿಸಿ ಒಗೆದು, ಚೀಲ ಹೊಲಿಯುತ್ತಿದ್ದಳು. ಬೇರೆಯವರ ಮನೆಯ ಮಾಸಲು ಹೂಗಳು ಅವಳ ಕೈಯಲ್ಲಿ ಮತ್ತೆ ಅರಳುತ್ತಿದ್ದವು. ದೊಡ್ಡಮಳೂರಿನ ದೇವಸ್ಥಾನದ ಮುಂದಿನ ಹಣ್ಣಿನಂಗಡಿಯವರು ಇನ್ನಷ್ಟು ಬೇಕೆಂದು ಹೇಳಿಕಳಿಸಿದ್ದರು. ಅತ್ತೆ ದೊಡ್ಡಲಕ್ಷ್ಮಮ್ಮನಿಗೆ ಮಾತ್ರ ಆ ಗಂಟುಗಳನ್ನು ಕಂಡರೆ ಆಗುತ್ತಿರಲಿಲ್ಲ. “ಕಂಡೋರ ಮೈಬೆವರೆಲ್ಲ ನಮ್ಮನೇಲೇ ಬಂದು ಬೀಳ್ಬೇಕಾ? ನನ್ನ ಹುಳಕ್ಕೆ ಏನಾರ ಆಗ್ಲಿ, ನೀನೂ ನಿನ್ನ ಮಿಷನ್ನೂ ಅವತ್ತೇ ನಿಮ್ಮಪ್ಪನ ಮನೆಗೆ!” ಎಂದು ಗುಡುಗಿದ್ದಳು. ಕಲ್ಲಿನ ಲಾರಿ ಓಡಿಸುವ ಗಂಡ ಕೃಷ್ಣಪ್ಪ ಮನೆಯಲ್ಲಿದ್ದರೂ ತಾಯಿಯ ಎದುರು ತುಟಿ ಬಿಚ್ಚುವವನಲ್ಲ.

ಆ ದುಪ್ಪಟಿಯನ್ನು ಕತ್ತರಿಸಿ ಹೊಲಿದದ್ದಷ್ಟೇ ಆಗಿದ್ದರೆ... ಬಿಸಿಲಿನ ಒಂದು ಮಧ್ಯಾಹ್ನ ಹಿಪ್ಪುನೇರಳೆ ಸೊಪ್ಪಿನ ರಾಶಿಗೆ ಹೊದಿಸಲು ಒದ್ದೆ ಗೋಣಿ ಸಿಕ್ಕಿರಲಿಲ್ಲ. ಸೊಪ್ಪು ಬಾಡಿಹೋದೀತೆಂಬ ಅವಸರದಲ್ಲಿ, ಇನ್ನೂ ಒಗೆಯದಿದ್ದ ಆ ದುಪ್ಪಟಿಯನ್ನೇ ನೀರಿಗದ್ದಿ ಮುಚ್ಚಿದ್ದಳು. ಸಂಜೆ ಅದೇ ಸೊಪ್ಪನ್ನು ತನ್ನ ಕೈಯಾರೆ ಹುಳುಗಳಿಗೆ ಹಾಕಿದ್ದಳು!

ಈಗ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡಲು ಮೇವು ಬಿಟ್ಟು, ತಲೆಯೆತ್ತಿ, ಸತ್ತಂತೆ ನಿಶ್ಚಲವಾಗಿರುವ ಹೊತ್ತನ್ನು ಆ ಸೀಮೆಯವರು ಜ್ವರವೆನ್ನುತ್ತಾರೆ. ಯಾವ ಹುಳುವಿನ ಹೊಟ್ಟೆಯೊಳಗೆ ಏನು ಬೆಳೆಯುತ್ತಿದೆಯೋ... ಹೊರಗಿನಿಂದ ಕಾಣುವುದಿಲ್ಲ. ಹೇಳಿದರೆ ಮನೆ ಬಿಡಬೇಕು. ಹೇಳದಿದ್ದರೆ? ಒಂದು ತಟ್ಟೆಯಿಂದ ಇನ್ನೊಂದಕ್ಕೆ, ಇಡೀ ಮನೆಗೆ... ಮಾರಕ್ಕ ಹೋದದ್ದೂ ಅವಳಿಗೆ ತಿಳಿಯಲಿಲ್ಲ. ತನ್ನದೇ ಬೆರಳುಗಳು ಯಾರವೋ ಎಂಬಂತೆ ಅವನ್ನೇ ನೋಡುತ್ತ ಕೂತಿದ್ದಳು.

“ಲೇ ಶಿವಿ! ಜ್ವರ ಎದ್ದವೆ ಕಣೇ! ಸೊಪ್ಪು ತತ್ತಾ!”

ಹುಳುಮನೆಯಿಂದ ಅತ್ತೆಯ ಕೂಗು. ಅದರಲ್ಲಿ ಮಗು ಎದ್ದಿತೆಂಬಂಥ ಸಂಭ್ರಮವಿತ್ತು. ಶಿವಲಿಂಗಮ್ಮ ಬಾಗಿಲವರೆಗೆ ಹೋದಳು. ಹೊಸ್ತಿಲು ದಾಟಲಾಗಲಿಲ್ಲ.

“ಯಾಕೆ ಕಂಬದಂಗೆ ನಿಂತೆ? ಸೊಪ್ಪೆಲ್ಲಿ?”

“ಸೊಪ್ಪು ಹಾಕ್ಬ್ಯಾಡಿ ಅತ್ತೆ... ನಾನು... ನಾನು ಕೆಡಿಸ್ಬುಟ್ಟೆ!”

ಅಳುತ್ತ, ತೊದಲುತ್ತ ಎಲ್ಲವನ್ನೂ ಹೇಳಿದಳು. ಬೈಗುಳಕ್ಕೆ, ಏಟಿಗೆ ಕಾದಳು. ಯಾವುದೂ ಬರಲಿಲ್ಲ. ದೊಡ್ಡಲಕ್ಷ್ಮಮ್ಮ ತಿರುಗಿ ತಟ್ಟೆಗಳ ಅಂಚನ್ನು ನೋಡುತ್ತ ನಡೆದಳು. ಕಿಟಕಿ ಪಕ್ಕದ ಕೆಳಗಿನ ತಟ್ಟೆಯ ಹತ್ತಿರ ನಿಂತಳು. ಅಲ್ಲೊಂದು ಹುಳು, ಉಬ್ಬಿದ ಗೆಣ್ಣುಗಳದು, ದಾರಿ ತಪ್ಪಿದವರಂತೆ ಅಂಚಿನ ಮೇಲೆ ಸುತ್ತುತ್ತಿತ್ತು. ಅದನ್ನೆತ್ತಿ ಉಗುರಿನಿಂದ ಚಿವುಟಿದಳು. ಹಾಲಿನಂಥ ಬಿಳೀ ರಸ ಬೆರಳ ಮೇಲೆ ಹರಿಯಿತು.

“ಅಯ್ಯೋ ಮಾದಪ್ಪಾ...” ಆ ಉಸಿರಿನಲ್ಲಿ ಕೋಪವಿರಲಿಲ್ಲ, ಹೆದರಿಕೆಯಿತ್ತು. ಅತ್ತೆಯೂ ಹೆದರಬಲ್ಲಳೆಂಬುದು ಶಿವಲಿಂಗಮ್ಮನಿಗೆ ಅವತ್ತೇ ಗೊತ್ತಾದದ್ದು. ಅದರಿಂದ ಅವಳ ದಿಗಿಲು ಇಮ್ಮಡಿಯಾಯಿತು.

“ಆ ಸೊಪ್ಪ ಯಾವ್ಯಾವ ತಟ್ಟೆಗೆ ಹಾಕಿದ್ದೆ? ಅಳಬ್ಯಾಡ! ನೆಪ್ಪು ಮಾಡ್ಕ!”

“ಕಿಟಕಿ ಮಗ್ಗುಲು... ಕೆಳಗಿನ ಸಾಲು. ಮೇಲ್ಗಡೇಕೆ ಬೆಳಿಗ್ಗೆ ಕೊಯ್ದಿದ್ದ ಬೇರೆ ಸೊಪ್ಪು.”

“ದಿಟವಾ?”

“ನನ್ನಾಣೆ ಅತ್ತೆ!”

“ನಿನ್ನಾಣೆ ಯಾವನಿಗೆ ಬೇಕು? ತಟ್ಟೆ ಹಿಡಿ. ಅಲುಗಿಸ್ಬ್ಯಾಡ.”

ಹಿತ್ತಿಲಿನಲ್ಲಿ ಗುಂಡಿ ತೋಡಿ ಆ ಸಾಲನ್ನೆಲ್ಲ ಸುರಿದರು. ಆಗಷ್ಟೇ ಎಚ್ಚೆತ್ತಿದ್ದ ಹುಳುಗಳು ಸೊಪ್ಪಿಗಾಗಿ ತಲೆ ಆಡಿಸುತ್ತಿದ್ದವು. ಅವುಗಳ ಮೇಲೆ ದೊಡ್ಡಲಕ್ಷ್ಮಮ್ಮ ಸುಣ್ಣ ಎರಚುತ್ತಿದ್ದರೆ ಶಿವಲಿಂಗಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಮೇಲೆ ಒಳಗೆ ಹೋಗಿ ಚೀಲಗಳ ರಾಶಿಯನ್ನು ತಬ್ಬಿ ತಂದಳು. ಒಂದೇ ಚಾಪೆಯ ಮೇಲೆ ಬಿದ್ದಿದ್ದ ಬಟ್ಟೆ; ಯಾವುದು ಯಾವುದಕ್ಕೆ ತಾಕಿದೆಯೋ!

“ಎಲ್ಲಾನೂವಾ?” ಅತ್ತೆ ಕೇಳಿದಳು. “ನೀಲೀದಷ್ಟೇ ಸಾಕಾಗಿತ್ತೇನೋ...”

“ಏನೋ ಅನ್ನಂಗಿದ್ರೆ ಬ್ಯಾಡ ಅತ್ತೆ.”

ಬೆಂಕಿ ಹಚ್ಚಿದಳು. ತಿಂಗಳುಗಟ್ಟಲೆ ಹೊಲಿದ ಹೂವು, ಬಳ್ಳಿ, ನವಿಲು ಸುರುಟಿಕೊಂಡು ಕರಿಯಾದವು.

“ಮಿಷನ್ನ ನಾನೇ ಹೊರಗೆ ಹಾಕ್ತೀನಿ. ನನ್ನ... ನನ್ನ ಕಳಿಸ್ಬ್ಯಾಡಿ ಅತ್ತೆ!”

ದೊಡ್ಡಲಕ್ಷ್ಮಮ್ಮ ಬೆಂಕಿಯನ್ನೇ ನೋಡುತ್ತಿದ್ದಳು. “ಕೊಟ್ಟಿಗೇಲಿಡು. ಹುಳ ಗೂಡು ಕಟ್ಟೋಗಂಟ ಮುಟ್ಟಬ್ಯಾಡ.” ಮತ್ತೆ ಸಿಡುಕಿದಳು: “ಕಳಿಸ್ಬುಟ್ರೆ ಮೇಲಿನ ಸಾಲಿಗೆ ಮೇವು ಹಾಕೋರ್ಯಾರು, ನಿನ್ನ ಗಂಡನಾ? ಲಾರಿ ಬುಟ್ಟು ಬತ್ತಾನಾ? ಹೋಗು, ಬ್ಲೀಚಿಂಗ್ ನೀರಲ್ಲಿ ಮೊಣಕೈಗಂಟ ಉಜ್ಕಂಡು ಬಾ. ಸೀರೇನೂ ಬದಲಾಯಿಸು.”

ಉಜ್ಜಿ ಉಜ್ಜಿ ಕೆಂಪಾದ ಕೈಗಳಿಂದ ಶಿವಲಿಂಗಮ್ಮ ಸೊಪ್ಪು ಹರಡಿದಳು. ಉಳಿದ ಹುಳುಗಳು ಕರಕರ ಮೇಯತೊಡಗಿದವು. ಆ ಸದ್ದಿಗೆ ಬರಬೇಕಾದ ನೆಮ್ಮದಿ ಬರಲಿಲ್ಲ. ಪ್ರತಿ ತಟ್ಟೆಯಲ್ಲೂ ಅವಳ ಕಣ್ಣು ಅಂಚಿಗೇ ಹೋಗುತ್ತಿತ್ತು: ಯಾವುದಾದರೂ ಮೇವು ಬಿಟ್ಟು ಸುತ್ತುತ್ತಿದೆಯೇ... ಕತ್ತೆತ್ತಿದಾಗ ಎದುರಿನ ಸಾಲಿನಲ್ಲಿ ಅತ್ತೆಯೂ ಬಗ್ಗಿ ಅಂಚನ್ನೇ ನೋಡುತ್ತಿದ್ದಳು. ಇಬ್ಬರ ಕಣ್ಣೂ ಸೇರಿದವು. ದೊಡ್ಡಲಕ್ಷ್ಮಮ್ಮ ಇಲ್ಲವೆಂಬಂತೆ ಮೆಲ್ಲಗೆ ತಲೆಯಾಡಿಸಿ ಮುಂದಿನ ತಟ್ಟೆಗೆ ಹೋದಳು.