ಕಡ್ಲಿ ನೋಡಾಕ ಹೋದವರು

2025ರ ಜನವರಿ 20, ಸೋಮವಾರ, ಬೆಳಿಗ್ಗೆ 9.10. ಬಸವಂತರಾಯ ಸಿಂಧನೂರಿನ ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ಹೆಡ್ ಕಾನ್‌ಸ್ಟೇಬಲ್ ಪಂಪಾಪತಿಯ ಮೊದಲ ಚಹಾ ಇನ್ನೂ ಮುಗಿದಿರಲಿಲ್ಲ. ಬಸವಂತರಾಯ ಊರಿಗೆ ಬೇಕಾದ ವ್ಯಾಪಾರಸ್ಥ. ಹೆದ್ದಾರಿ ಪಕ್ಕ ಹೊಸ ಹೋಟೆಲ್ ತೆರೆಯುವ ಸಡಗರದಲ್ಲಿದ್ದ.

“ನನ್ನ ಹರಿಗೋಲು ಕಳುವಾಗೈತ್ರಿ.”

ಪಂಪಾಪತಿ ಕಪ್ಪು ಕೆಳಗಿಟ್ಟ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಎಮ್ಮೆ ಕಳುವಾದದ್ದು, ಪಂಪ್‌ಸೆಟ್ ಕಳುವಾದದ್ದು, ನಿಂತ ಟ್ರ್ಯಾಕ್ಟರಿನ ಬ್ಯಾಟರಿ ಮಾಯವಾದದ್ದು ಎಲ್ಲ ನೋಡಿದ್ದ. ಡಾಂಬರು ರಸ್ತೆಯ ಬದಿಯಿಂದ ದೋಣಿ ಕಳುವಾದದ್ದು ಇದೇ ಮೊದಲು.

ಪಿಎಸ್‌ಐ ಶಿವಕುಮಾರಿ ಕುರ್ಚಿ ತೋರಿಸಿ ಕೇಳಿದರು. “ಮೊದಲ ಯಾರದಿತ್ತು?”

“ಮುಕ್ಕುಂದದ ಬೀರಲಿಂಗಂದು. ಜನರನ್ನ ಹೊಳಿ ದಾಟಸ್ತಿದ್ದ. ಈಗ ಎಲ್ಲಾರೂ ಬೈಕಿನ ಮ್ಯಾಲ ಸುತ್ತು ಹಾಕ್ಕೊಂಡು ಹೋಗ್ತಾರ, ಹರಿಗೋಲು ಯಾರಿಗೆ ಬೇಕ್ರೀ? ನಾ ಖರೀದಿ ಮಾಡೀನಿ. ಕಾಗದ ಐತಿ.”

“ಹೋಟೆಲ್ಲಿಗೆ ಹರಿಗೋಲು ಯಾಕ?”

“ನಡುವ ಕೊಯ್ಸಿ, ಅರ್ಧಾ ಗ್ವಾಡಿಗೆ ಬಡಸ್ಬೇಕಂತ ಮಾಡಿದ್ದೆ. ಇವತ್ತ ಬಡಿಗ್ಯಾ ಗರಗಸ ತಗೊಂಡು ಬಂದಾನ, ಹರಿಗೋಲೇ ಇಲ್ಲ!”

“ಕೊಯ್ಯೋದು ಬೀರಲಿಂಗನಿಗೆ ಗೊತ್ತಿತ್ತಾ?”

“ಶನಿವಾರ ಬಂದಿದ್ದ. ಹೇಳಿದೆ. ಹಂಗ ಎದ್ದು ಹೋದ.”

10.15ಕ್ಕೆ ಬಿಎನ್‌ಎಸ್‌ನ ಕಳವಿನ ಕಲಂ 303(2)ರ ಅಡಿ ಎಫ್‌ಐಆರ್ ದಾಖಲಾಯಿತು. 11.30ಕ್ಕೆ ಸ್ಥಳ ಪಂಚನಾಮೆ. ಹೋಟೆಲಿನ ಹಿತ್ತಲ ಗೇಟಿನ ಕಂಬಕ್ಕೆ ಆಳೆತ್ತರದಲ್ಲಿ, ಹರಿಗೋಲಿನ ತಳಕ್ಕೆ ಬಳಿದಿದ್ದ ಡಾಂಬರು ಒರೆಸಿಕೊಂಡಿತ್ತು. ನೆಲದ ಮೇಲೆ ಎಳೆದ ಗುರುತೇ ಇರಲಿಲ್ಲ. ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ಒಯ್ದಿದ್ದಾರೆ, ಇಬ್ಬರು ಇದ್ದಿರಬೇಕು ಎಂದು ಪಂಪಾಪತಿ ಬರೆಸಿದ. ಹಾಗೆ ಹೊರುವ ರೂಢಿ ಹೊಳೆಯವರಿಗೆ ಬಿಟ್ಟರೆ ಬೇರೆಯವರಿಗಿಲ್ಲ.

ಮುಕ್ಕುಂದದಲ್ಲಿ ಬೀರಲಿಂಗನ ಮನೆಗೆ ಬೀಗ. ಪಕ್ಕದ ಮನೆಯ ಹಾಜಿರಾಬೀ ಮೊರ ಹಿಡಿದುಕೊಂಡೇ ಹೊರಗೆ ಬಂದಳು.

“ಗಂಡ ಹೆಂಡ್ತಿ ಇಬ್ರೂ ನಿನ್ನೆ ನಸುಕಿನ್ಯಾಗ ಹೋದ್ರು ಸಾಹೇಬ್ರ. ಎಲ್ಲಿಗೆ ಕಾಕಾ ಅಂದೆ. ಕಡ್ಲಿ ನೋಡಾಕ ಹೊಂಟೀವಿ ಅಂದ. ಗ್ಯಾನಮ್ಮವ್ವ ಹೊಸಾ ಸೀರಿ ಉಟ್ಟಿದ್ಳು.”

ಪಂಪಾಪತಿಗೆ ಹುರುಪು ಬಂತು. ಅವನು ಮಸ್ಕಿ ಕಡೆಯವನು, ಎರೆಹೊಲದಲ್ಲಿ ಹುಟ್ಟಿ ಬೆಳೆದವನು. ಸಿಂಧನೂರು, ಜವಳಗೇರಾ ಕಡೆ ಕಾಲುವೆ ನೀರು, ಎತ್ತ ನೋಡಿದರೂ ಭತ್ತ. ಕಡಲೆ ನೋಡಬೇಕೆಂದರೆ ಮಸ್ಕಿ, ಲಿಂಗಸೂಗೂರಿಗೇ ಹೋಗಬೇಕು. ಮೇಲಾಗಿ, ಹಾಜಿರಾಬೀ ಹೇಳಿದಂತೆ, ಬೀರಲಿಂಗನ ಹೆಂಡತಿ ಗ್ಯಾನಮ್ಮನ ತವರು ಲಿಂಗಸೂಗೂರಿನ ಹತ್ತಿರ. “ಮೇಡಂ, ಹಿಡದಂಗ ಆತು ಅನ್ರಿ,” ಎಂದ.

ಆ ಮಧ್ಯಾಹ್ನದಿಂದ ಮರುದಿನ ಮಧ್ಯಾಹ್ನದವರೆಗೆ ಜೀಪು ನಿಲ್ಲದ ಕಡಲೆ ಹೊಲವಿಲ್ಲ. “ಈ ಕಡೆ ಹರಿಗೋಲು ಬಂತೇನ್ರೀ?” ಎಂದು ಒಣ ಹೊಲದ ಬದುವಿನಲ್ಲಿ ನಿಂತು ಪೊಲೀಸರು ಕೇಳಿದರೆ ರೈತರು ಇನ್ನೇನು ಮಾಡುತ್ತಾರೆ? ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು, ನಕ್ಕ ತಪ್ಪಿಗೆ ಒಂದೊಂದು ಹಿಡಿ ಹಸಿ ಕಡಲೆಗಿಡ ಕಿತ್ತು ಕೊಟ್ಟರು. ಜೀಪಿನ ಹಿಂದಿನ ಸೀಟು ತುಂಬಿಹೋಯಿತು.

ಕೊನೆಗೆ ಗ್ಯಾನಮ್ಮನ ತಮ್ಮ ಬಾಲಪ್ಪ ಸಿಕ್ಕ.

“ಕಡ್ಲಿ ನೋಡಾಕ? ನಾ ಈ ವರ್ಷ ಬಿತ್ತಿದ್ದು ಜೋಳಾರೀ,” ಎಂದವನು ತುಸು ಹೊತ್ತು ತಲೆ ಕೆರೆದುಕೊಂಡು, ಇದ್ದಕ್ಕಿದ್ದಂತೆ ತೊಡೆ ತಟ್ಟಿ ನಕ್ಕ. “ನಮ್ಮ ಬೀರಲಿಂಗ ಮಾವ ಭಜನಿ ಮನಷ್ಯಾರೀ. ಎಲ್ಲಾರೂ ಸಮುದ್ರ ಅಂದ್ರ ಅವ ಪದದಾಗಿನ ಮಾತ ಆಡ್ತಾನ. ಕಡ್ಲಿ ಅಲ್ರೀ, ಕಡಲ! ಕಡಲ ನೋಡಾಕ ಹೋಗ್ಯಾರ!”

ಶಿವಕುಮಾರಿ ಜೀಪಿನ ಹಿಂದಿನ ಸೀಟಿನ ಕಡೆ ಒಮ್ಮೆ ನೋಡಿದರು. ಪಂಪಾಪತಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕೇಸ್ ಡೈರಿಯಲ್ಲಿ ಮಾತ್ರ ‘ತನಿಖೆಯ ದಿಕ್ಕು ಬದಲಾಯಿತು’ ಎಂದು ಗಂಭೀರವಾಗಿ ಬರೆದ.

ಕಡಲಿಗೆ ಹರಿಗೋಲು ಹೇಗೆ ಹೋಗುತ್ತದೆ? ಸಿಂಧನೂರಿನಿಂದ ಕರಾವಳಿಗೆ ಹೋಗುವುದು ಅಕ್ಕಿ. ಸಂಜೆ 4ಕ್ಕೆ ಲಾರಿ ಆಫೀಸಿನಲ್ಲಿ ವಿಚಾರಿಸಿದಾಗ, ಭಾನುವಾರ ಬೆಳಿಗ್ಗೆ ಒಂದೇ ಲಾರಿ ಆ ಕಡೆ ಹೋಗಿತ್ತು. ಚಾಲಕ ಚನ್ನು ಫೋನಿನಲ್ಲಿ ಸಿಕ್ಕ.

“ಹೌದ್ರೀ, ಅಕ್ಕಿ ಚೀಲದ ಮ್ಯಾಲ ಬೋರಲ ಹಾಕ್ಕೊಂಡು ಬಂದೀನಿ. ಮುದುಕಂದೇ ಹರಿಗೋಲು ಅಂತ ತಿಳದು ಹೊರಾಕ ನಾನೂ ಹೆಗಲು ಕೊಟ್ಟೆ. ಸುಂಕದಕೇರಿ ಬಂದರದಾಗ ಇಳಿಸೀನ್ರೀ.”

ಜನವರಿ 22, ಬುಧವಾರ, ಬೆಳಿಗ್ಗೆ 8.40. ಅಲ್ಲಿಯ ಠಾಣೆಗೆ ತಿಳಿಸಿ ಜೀಪು ಸುಂಕದಕೇರಿಗೆ ಇಳಿಯಿತು. ಎರಡೇ ಕೇರಿಯ ಊರು. ಒಂದು ಕಾಲಕ್ಕೆ ಇಲ್ಲಿಂದ ಮೆಣಸು, ಅಕ್ಕಿ ತುಂಬಿಕೊಂಡು ಹಡಗುಗಳು ಹೋಗುತ್ತಿದ್ದವಂತೆ. ಕೆಂಪು ಚಿರೆಕಲ್ಲಿನ ಸುಂಕದ ಕಟ್ಟೆಯ ಮೇಲೆ ಈಗ ಬಲೆ ಒಣಗಿಸಿದ್ದರು. ಹಳೆಯ ಕೋಟೆ ಗೋಡೆಯ ಮಗ್ಗುಲಲ್ಲಿ ಬೆಕ್ಕುಗಳು ಬಿಸಿಲು ಕಾಯುತ್ತಿದ್ದವು. ಗೋಡೆ ದಾಟಿದರೆ ಸಮುದ್ರ. ಐವತ್ತೆರಡು ವರ್ಷದ ಪಂಪಾಪತಿ ಅದನ್ನು ಮೊದಲ ಸಲ ಕಂಡದ್ದು. ಬಂದ ಕೆಲಸ ಮರೆತು, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಎದೆ ತುಂಬಿ ಬಂತು, ಸುಖವಾಯಿತು.

ಬಲೆ ಬಿಡಿಸುತ್ತಿದ್ದ ಮೀನುಗಾರನೊಬ್ಬ ಕೇಳದೆಯೇ ಕೈ ತೋರಿಸಿದ. “ಬಾಣಲೆ ದೋಣಿಯವರಾ? ಅಲ್ಲಿ ಕಾಣಿ. ಹಗ್ಗ ಕಟ್ಟಿ ಬಿಟ್ಟಿದ್ದೇವೆ, ಹೆದರಬೇಡಿ.”

ತೆರೆ ಒಡೆಯದ ಅಳಿವೆಯ ಬಾಯಲ್ಲಿ ಹರಿಗೋಲು ಮೆಲ್ಲಗೆ ತಿರುಗುತ್ತಿತ್ತು. ಬೀರಲಿಂಗ ಹುಟ್ಟು ಹಿಡಿದಿದ್ದ. ಗ್ಯಾನಮ್ಮ ಸೆರಗು ಬಿಗಿದುಕೊಂಡು, ಪಡುವಣಕ್ಕೆ ಮುಖ ಮಾಡಿ ಕೂತಿದ್ದಳು. ಶಿವಕುಮಾರಿ ಗಡಿಯಾರ ನೋಡಿಕೊಂಡರು, ಆದರೆ ಕೂಗಲಿಲ್ಲ. ಅವರಾಗಿ ದಡಕ್ಕೆ ಬರುವ ಹೊತ್ತಿಗೆ 9.50.

“ಹರಿಗೋಲು ಕದ್ದಿದ್ದು ನೀನಾ?” ಶಿವಕುಮಾರಿ ಬೀರಲಿಂಗನನ್ನು ಕೇಳಿದರು.

“ಹೂಂರೀ.”

“ಯಾಕ?”

“ಕೊಯ್ತೀನಿ ಅಂದ್ರಲ್ರೀ.”

“ಮಾರಿದ ಮ್ಯಾಲ ಅದು ಅವರದಲ್ಲೇನು?”

“ಅವರದೇರೀ. ಚಂದಾಗಿ ಇಡ್ತೀನಿ ಅಂದಿದ್ರು.”

“ಇಷ್ಟು ದೂರ ತಂದಿದ್ಯಾಕ?”

ಉತ್ತರ ಕೊಟ್ಟವಳು ಗ್ಯಾನಮ್ಮ. “ನಲವತ್ತು ವರ್ಷ ಇದರಾಗ ಕುಂತೀನ್ರೀ ಯವ್ವಾ. ಇನ್ನೂ ಕುಂತೆ ಅನ್ನೋದ್ರಾಗ ಆಚಿ ದಂಡಿ ಬಂದುಬಿಡ್ತಿತ್ತು, ಇಳಿ ಅಂತಿದ್ದ. ದಂಡಿ ಬರದಂಥಾ ನೀರಾಗ ಒಮ್ಮೆ ಕರಕೊಂಡು ಹೋಗ್ತೀನಿ ಅಂತ ಮದುವ್ಯಾದ ವರ್ಷ ಹೇಳಿದ್ದ. ಇದನ್ನ ಕೊಯ್ದಿದ್ರ ಆ ಮಾತೂ ಹೋಗ್ತಿತ್ತಲ್ರೀ.”

ಪಂಪಾಪತಿ ಇದನ್ನು ಅವಳ ಮಾತಿನಲ್ಲೇ ಬರೆದುಕೊಂಡ. ಆರೋಪಿಯ ಉದ್ದೇಶ ಎಂಬ ಕಡೆ ಇದಕ್ಕಿಂತ ಹೆಚ್ಚೇನೂ ಬರೆಯುವುದಿರಲಿಲ್ಲ. 10.20ಕ್ಕೆ ಬೀರಲಿಂಗನ ಬಂಧನ. ಇಬ್ಬರು ಮೀನುಗಾರರನ್ನು ಪಂಚರಾಗಿ ಕರೆದು ಜಪ್ತಿ ಪಂಚನಾಮೆ ಆಯಿತು: ಬಿದಿರಿನ ಹರಿಗೋಲು ಒಂದು, ಅಡ್ಡಗಲ ಎಂಟು ಅಡಿ, ಸುಸ್ಥಿತಿಯಲ್ಲಿದೆ. ಅಕ್ಕಿ ಇಳಿಸಿ ಇನ್ನೂ ಅಲ್ಲೇ ಇದ್ದ, ಖಾಲಿ ವಾಪಸಾಗುವ ಚನ್ನುವಿನ ಲಾರಿಗೆ ಅದನ್ನು ಹೇರುವುದೆಂದಾಯಿತು.

ಬೀರಲಿಂಗ ಹರಿಗೋಲಿನ ಅಂಚು ಸವರುತ್ತ ಕೇಳಿದ, “ಇನ್ನ ಇದನ್ನ ಕೊಯ್ತಾರೇನ್ರೀ?”

“ಇದು ಈಗ ಮುದ್ದೇಮಾಲು,” ಎಂದ ಪಂಪಾಪತಿ. “ಕೇಸಿನ ಸಾಕ್ಷಿ. ಬಸವಂತರಾಯರು ಕೋರ್ಟಿಗೆ ಬರಕೊಟ್ಟು ಒಯ್ದ್ರೂ, ಕೇಸು ಮುಗಿಯೋತನ ಇದ್ದಂಗ ಇಡಬೇಕು. ಗರಗಸ ಹಚ್ಚಂಗಿಲ್ಲ.”

“ಕೇಸು ಎಷ್ಟ ದಿನ ನಡೀತೈತ್ರಿ?”

“ಏನಿಲ್ಲಂದ್ರೂ ಐದಾರು ವರ್ಷ.”

ಮುದುಕನ ಮುಖ ಅರಳಿತು. ಪಂಪಾಪತಿಯ ಪಕ್ಕ ಮರಳಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತ.

“ಹಂಗಾರ ಬರ್ಕೊಳ್ರಿ ಸಾಹೇಬ್ರ, ಒಂದೂ ಬಿಡದಂಗ ಬರ್ಕೊಳ್ರಿ. ನಾನೇ ಕದ್ದೀನಿ.”