ತಾನಾಗಿ ತಿರುಗುತ್ತಿದ್ದ ಯಂತ್ರ

ಬೇಕರಿಯ ಹಿಟ್ಟು ಕಲಸುವ ಯಂತ್ರ ಬೆಳಗಾಗುತ್ತಲೇ ತಾನಾಗಿ ತಿರುಗತೊಡಗುತ್ತಿತ್ತು. ಒಡತಿಗೆ ಭಯವಿರಲಿಲ್ಲ. ತೀರಿಹೋದ ಗಂಡ ಕೆಲಸಕ್ಕೆ ಇಳಿಯುತ್ತಿದ್ದುದೂ ಅದೇ ಹೊತ್ತಿಗೆ. ಬಾಗಿಲಲ್ಲಿ ನಿಂತು, “ಬಂದ್ರಾ?” ಎನ್ನುತ್ತಿದ್ದಳು.

ಒಂದು ದಿನ ಅವಳ ತೋಳಿನ ಬಟ್ಟೆ ಅದಕ್ಕೆ ಸಿಕ್ಕಿತು. ನಾದಿನಿ ಹಿಡಿದೆಳೆಯದಿದ್ದರೆ ಕೈಯೇ ಹೋಗುತ್ತಿತ್ತು. ಮಧ್ಯಾಹ್ನ ನಾದಿನಿಯೇ ಮೆಕ್ಯಾನಿಕ್‌ನನ್ನು ಕರೆಸಿದಳು.

ಅವನು ಹೊಸಬನಲ್ಲ. ಸಂಜೆಯಾದರೆ ಬ್ರೆಡ್ಡಿಗೆ ಬರುವವನು.

“ದಿನಾ ಅಷ್ಟೊಂದು ಬ್ರೆಡ್ ಒಯ್ತೀರಲ್ಲ, ಮನೇಲಿ ಎಷ್ಟು ಜನ?” ಒಡತಿ ಕೇಳಿದಳು.

“ನಾನೊಬ್ಬನೇ.”

ಅವನ ಕಿವಿ ಕೆಂಪಾಯಿತು. ಅವಳು ನಗು ಮರೆಸಲು ಕಿಟಕಿಯತ್ತ ತಿರುಗಿದಳು.

ಅವನು ಸ್ವಿಚ್ಚನ್ನು ಬಿಚ್ಚಿ ನೋಡಿದ. “ಒಳಗಿನ ತಗಡು ಸುಟ್ಟಿದೆ. ಬೆಳಗಿನ ತಂಪಿಗೆ ತಾನಾಗೇ ಕೂಡ್ಕೊಂಡು ಯಂತ್ರ ಶುರುವಾಗುತ್ತೆ, ಅಷ್ಟೇ. ಬದಲಾಯಿಸ್ತೀನಿ.”

“ಬೇಡ,” ಅವಳ ದನಿ ಇಳಿಯಿತು. “ಅವರು ಬರೋಕೆ ಇರೋದು ಅದೊಂದೇ ದಾರಿ.”

“ನಿಮ್ಮ ಕೈ ಹೋದ್ರೆ ಅವರಿಗೆ ಖುಷಿಯಾಗುತ್ತಾ?”

ಅವಳು ತೋಳನ್ನು ಸವರಿಕೊಂಡು, ಸರಿ ಎಂಬಂತೆ ತಲೆಯಾಡಿಸಿದಳು.

ಅವನು ಮೇನ್ ಆಫ್ ಮಾಡಿ, ಪ್ಲಗ್ಗನ್ನೂ ಕಿತ್ತ. ಬಿದ್ದ ಸ್ಕ್ರೂ ತೆಗೆಯಲೆಂದು ಯಂತ್ರದ ಪಾತ್ರೆಯೊಳಗೆ ಕೈ ಹಾಕಿದಾಗ ಕಲಸುವ ಕಬ್ಬಿಣದ ತೋಳು ಅಲುಗಿತು. ಸದ್ದಿಲ್ಲ. ಮಗುವನ್ನು ಒಲೆಯಿಂದ ದೂರ ಸರಿಸುವ ಹಾಗೆ ಅವನ ಕೈಯನ್ನು ಮೆಲ್ಲಗೆ ಹೊರಗೆ ತಳ್ಳಿ ನಿಂತಿತು.

ಅವನ ಮುಖ ಬಿಳಿಚಿಕೊಂಡಿತು. “ಕರೆಂಟೇ ಇಲ್ಲ…”

“ಕೆಲಸದವರ ಕೈ ಒಳಗೆ ಹೋದ್ರೆ ಅವರು ಹಾಗೇ ತಳ್ತಿದ್ರು,” ಎಂದಳು ಅವಳು. ಅವಳ ಕಣ್ಣು ತುಂಬಿತ್ತು.

ಅವನು ಹಳೆಯ ಸ್ವಿಚ್ಚನ್ನು ಜೇಬಿಗಿಳಿಸಿ, ಹೊಸದನ್ನು ಕೂರಿಸಿ ಮತ್ತೆ ಕರೆಂಟ್ ಕೊಟ್ಟ. ಅವಳು ಒತ್ತಿದಳು, ಯಂತ್ರ ತಿರುಗಿತು. ಮತ್ತೆ ಒತ್ತಿದಳು, ನಿಂತಿತು. ಕೋಣೆಯಲ್ಲಿ ಆಮೇಲೆ ಉಳಿದ ಮೌನ ಎಷ್ಟು ದೊಡ್ಡದಾಗಿತ್ತೆಂದರೆ, ಅವನಿಗೆ ಹೊರಡಲು ಮನಸ್ಸಾಗಲಿಲ್ಲ.

ಮಾರನೆಯ ಬೆಳಿಗ್ಗೆ ಮೆಕ್ಯಾನಿಕ್‌ನ ಮನೆಯ ಮೇಜಿನ ಮೇಲೆ ಏನೋ ‘ಟಕ್’ ಎಂದಿತು. ಅವನು ಎದ್ದು ನೋಡಿದ. ಯಾವ ತಂತಿಯೂ ಇಲ್ಲದೆ ಬಿದ್ದಿದ್ದ ಹಳೆಯ ಸ್ವಿಚ್. ನೋಡುತ್ತಿದ್ದಂತೆಯೇ ಮತ್ತೊಮ್ಮೆ, ಟಕ್. ಅಂಗಿ ತೊಟ್ಟು ಹೊರಬಿದ್ದವನ ಕಾಲುಗಳು ನೇರ ಬೇಕರಿಗೇ ನಡೆದವು.

ಅವಳು ನಿಶ್ಶಬ್ದವಾದ ಯಂತ್ರದ ಮುಂದೆ ಕೂತಿದ್ದಳು. ಅತ್ತು ಕಣ್ಣು ಊದಿತ್ತು.

“ಇಷ್ಟು ಬೇಗ? ಬ್ರೆಡ್ ಇನ್ನೂ ಆಗಿಲ್ಲ.”

“ಬ್ರೆಡ್ಡಿಗೆ ಬಂದಿಲ್ಲ. ಯಾವತ್ತೂ ಬ್ರೆಡ್ಡಿಗೆ ಬಂದಿರ್ಲಿಲ್ಲ. ನಿಮ್ಮನ್ನ ನೋಡೋಕೇ ಬರ್ತಿದ್ದೆ.” ಅವನು ಯಂತ್ರದತ್ತ ನೋಡಿದ. “ಇವತ್ತು ಮಾತ್ರ… ಯಾರೋ ಎಬ್ಬಿಸಿ ಕಳಿಸಿದ್ರು.”

ಯಾರು ಎಂದು ಅವಳು ಕೇಳಲಿಲ್ಲ. ಎದ್ದು, ಪಾತ್ರೆಗೆ ಹಿಟ್ಟು ಸುರಿದು, ಅವನು ಕೈ ತೊಳೆಯಲು ನೀರು ಬಗ್ಗಿಸಿದಳು.