ಎಂಟಿಂಚಿನ ಸುಳ್ಳು

ನಮ್ಮ ಅಂಗಡಿಯ ನೆಲ ಮೂರು ಸಾವಿರ ಅಡಿ ಎತ್ತರದಲ್ಲಿದೆ ಎಂಬ ಸಂಗತಿ ನನಗೆ ತಿಳಿದದ್ದು 2014ರ ನವೆಂಬರಿನಲ್ಲಿ, ಅದೂ ಗಿರಾಕಿಯ ಎದುರು ಮರ್ಯಾದೆ ಕಳೆದುಕೊಂಡ ಮೇಲೆ.

ಯಲಹಂಕ ನ್ಯೂಟೌನಿನಲ್ಲಿ ಮಜೀದ್ ಭಾಯ್ ಅವರ ಮೊಬೈಲ್ ಅಂಗಡಿ. ಕೊಪ್ಪಳದಿಂದ ಬಂದು ನಾಲ್ಕು ವರ್ಷದಿಂದ ನಾನು ಅಲ್ಲಿ ಸೇಲ್ಸ್‌ಮನ್. ಟ್ಯಾಬ್ಲೆಟ್ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಬೇರೆ. ಆ ದಿನ ಬಿಳಿ ಷರ್ಟಿನ, ಭುಜದ ಮೇಲೆ ಬಂಗಾರದ ಬಣ್ಣದ ಪಟ್ಟಿಗಳಿದ್ದ ಹುಡುಗಿಯೊಬ್ಬಳು ಗಾಜಿನ ಬಾಗಿಲ ಹತ್ತಿರ ನಿಂತು, ನಾನು ಕೊಟ್ಟ ಟ್ಯಾಬ್ಲೆಟ್‌ಗೆ ಯಾವುದೋ ಆ್ಯಪ್ ಹಾಕಿ ನೋಡುತ್ತಿದ್ದಳು. ಮ್ಯಾಪಿನ ಮೇಲೆ ಪುಟ್ಟ ವಿಮಾನದ ಗುರುತು. ಪಕ್ಕದಲ್ಲಿ ಎತ್ತರ: 3,020 ಅಡಿ.

“ಇದು ಕೆಟ್ಟೈತ್ರಿ ಮೇಡಂ,” ಎಂದೆ. “ನಾವು ನೆಲದ ಮ್ಯಾಲೆ ನಿಂತೀವಿ, ಇದು ಮೂರು ಸಾವಿರ ಅಡಿ ಮ್ಯಾಲ ಅದೀವಿ ಅಂತ ತೋರಸ್ತೈತಿ. ತಾಳ್ರಿ, ಬ್ಯಾರೆ ಕೊಡ್ತೀನಿ.”

ಅವಳು ಕೆಳತುಟಿ ಕಚ್ಚಿಕೊಂಡಳು. ಆದರೂ ನಗು ಕಣ್ಣಲ್ಲಿ ಕಂಡೇಬಿಟ್ಟಿತು.

“ಸಮುದ್ರದಿಂದ ಅಳೆಯೋದು ಕಣ್ರೀ. ಬೆಂಗಳೂರೇ ಅಷ್ಟು ಮೇಲಿದೆ. ನೀವು ದಿನಾ ಮೂರು ಸಾವಿರ ಅಡಿ ಮೇಲೇ ನಿಂತಿರ್ತೀರ.”

ನಾನು ಕಾಲ ಕೆಳಗಿನ ಟೈಲ್ಸ್ ನೋಡಿಕೊಂಡೆ. ನಾಲ್ಕು ವರ್ಷ ಅಷ್ಟು ಎತ್ತರದಲ್ಲಿ ನಿಂತು ಸ್ಕ್ರೀನ್‌ಗಾರ್ಡ್ ಅಂಟಿಸಿದ್ದೆ! ಒಂದು ಕ್ಷಣ ನಿಜವಾಗಿಯೂ ತಲೆ ತಿರುಗಿತು. ಅದು ಎತ್ತರಕ್ಕೋ, ಆ ಕಣ್ಣಿಗೋ ಹೇಳಲಾರೆ.

ಹೆಸರು ರಾಧಾಮಣಿ. ಹುಣಸಮಾರನಹಳ್ಳಿಯವಳು, ಜಕ್ಕೂರಿನ ಏರ್‌ಫೀಲ್ಡ್‌ನಲ್ಲಿ ಸಣ್ಣ ವಿಮಾನ ಹಾರಿಸುವುದನ್ನು ಕಲಿಸುವವಳು. ಕಾಗದದ ಮ್ಯಾಪಿನ ಜೊತೆಗೆ ಒಂದೊಂದು ಟ್ಯಾಬ್ಲೆಟ್ಟೂ ಇರಲಿ ಎಂದು ಅವಳ ಕ್ಲಬ್ಬಿನವರು ತೀರ್ಮಾನಿಸಿದ್ದರು. ಯಾವ ಟ್ಯಾಬ್ಲೆಟ್, ಯಾವ ಆ್ಯಪ್ ಎಂದು ಆರಿಸುವ ಕೆಲಸ ಅವಳದ್ದು.

ಮೊದಲು ಆ್ಯಪ್ ಪರೀಕ್ಷೆ. ಅವಳ ಸ್ಕೂಟರಿನ ಹಿಂದೆ ಕೂತು, ಎರಡೂ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು, ಏರ್‌ಪೋರ್ಟ್ ರಸ್ತೆಯಲ್ಲಿ ಹೊರಟೆ. ಮ್ಯಾಪಿನ ಮೇಲೆ ನಮ್ಮ ಸ್ಕೂಟರ್ ವಿಮಾನವಾಗಿತ್ತು. ನಾವು ಹುಣಸಮಾರನಹಳ್ಳಿ ಮುಟ್ಟಿದರೂ ಒಂದು ಆ್ಯಪ್ ಇನ್ನೂ ಬಾಗಲೂರು ಕ್ರಾಸಿನಲ್ಲೇ ನಿಂತಿತ್ತು.

“ಇದು ಬೇಡ,” ಎಂದಳು. “ಮೇಲೆ ನಿಮಿಷಕ್ಕೆ ಮೂರು ಕಿಲೋಮೀಟರ್ ಹೋಗ್ತೀವಿ. ಮ್ಯಾಪ್ ಹಿಂದೆ ಬಿದ್ರೆ, ಅದನ್ನ ನಂಬ್ಕೊಂಡು ದೊಡ್ಡ ವಿಮಾನದ ದಾರಿಗೇ ನುಗ್ಗಿಬಿಡ್ತೀವಿ.”

“ಆಕಾಶದಾಗೂ ದಾರಿ ಇರ್ತಾವೇನ್ರಿ?”

“ಇರ್ತವೆ. ಕಾಣಲ್ಲ, ಅಷ್ಟೇ.”

ಆಮೇಲೆ ನಾನು ಬಸ್ಸಿಗೆ ಕಾಯುವಾಗಲೂ ತಲೆಯೆತ್ತಿ ನೋಡಲು ಶುರುಮಾಡಿದೆ. ಅಷ್ಟು ಖಾಲಿ ನೀಲಿಯಲ್ಲಿ ದಾರಿ ಗೊತ್ತಿರುವ ಹುಡುಗಿ, ನಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂತು, ಟ್ಯಾಬ್ಲೆಟ್ಟನ್ನು ತೊಡೆಗೆ ಪಟ್ಟಿಯಿಂದ ಕಟ್ಟಿಕೊಂಡು, “ಇದು ಕೈಗೆ ಅಡ್ಡ ಬರುತ್ತಾ ನೋಡಿ ಶರಣು,” ಎಂದು ನನ್ನನ್ನು ಕೇಳುತ್ತಿದ್ದಳು. ನನಗೆ ಅದೇ ದೊಡ್ಡ ಆಶ್ಚರ್ಯ.

ಕೊನೆಗೆ ಒಂದು ಒಳ್ಳೆಯ ಆ್ಯಪ್ ಸಿಕ್ಕಿತು. ಟ್ಯಾಬ್ಲೆಟ್‌ಗಳಲ್ಲಿ ಮೂರು ಉಳಿದವು. ಏಳಿಂಚಿನದು ಬರೀ ವೈಫೈನದು, ಜಿಪಿಎಸ್ಸೇ ಇರಲಿಲ್ಲ. ಉಳಿದ ಎರಡರಲ್ಲಿ ಬಿಸಿಲು ತಡೆಯುವುದು ಯಾವುದೆಂದು ನೋಡಬೇಕಿತ್ತು. ಕಾಕ್‌ಪಿಟ್ಟಿನ ಗಾಜಿನೊಳಗೆ ಸೆಕೆ ಜಾಸ್ತಿಯಂತೆ. ಅವಳು ಹೇಳಿದಂತೆ ಮಧ್ಯಾಹ್ನ ಎರಡನ್ನೂ ಟೆರೇಸಿನಲ್ಲಿ ಗಾಜಿನಡಿ ಇಟ್ಟು, ವಾಚ್ ಹಿಡಿದು ಕಾದೆ. ಹತ್ತಿಂಚಿನದು ನಲವತ್ತು ನಿಮಿಷಕ್ಕೆ ಕಾದು ಆಫ್ ಆಯಿತು. ಎಂಟಿಂಚಿನದು ಎರಡು ಗಂಟೆ ಕಳೆದರೂ ಜಪ್ಪಯ್ಯ ಎನ್ನಲಿಲ್ಲ.

ಅಲ್ಲಿಗೆ ಆಯ್ಕೆ ಮುಗಿದಿತ್ತು. ಮುಗಿದ ಮೇಲೆ ಅವಳು ನಮ್ಮ ಅಂಗಡಿಗೆ ಯಾಕೆ ಬಂದಾಳು?

ಸಂಜೆ ಅವಳು ಬಂದಾಗ ಹೇಳಿಬಿಟ್ಟೆ: “ಎರಡೂ ಆಫ್ ಆದವ್ರಿ ಮೇಡಂ. ಹತ್ತಿಂಚಿಂದು ನಲವತ್ತು ನಿಮಿಷ ತಡೀತು, ಎಂಟಿಂಚಿಂದು ಅರ್ಧ ತಾಸೂ ತಡೀಲಿಲ್ಲ. ಮುಂದಿನ ತಿಂಗಳ ಹೊಸ ಮಾಡೆಲ್ ಬರ್ತೈತ್ರಿ, ಕಾಯೋಣಲ್ಲ?”

“ಕಾಯಕ್ಕೆ ಟೈಮಿಲ್ಲ ಕಣ್ರೀ. ನಾಡಿದ್ದು ಸ್ಟೂಡೆಂಟ್ ಕರ್ಕೊಂಡು ಬಳ್ಳಾರಿಗೆ ಹೋಗ್ಬೇಕು. ಹತ್ತಿಂಚಿಂದೇ ಸ್ವಲ್ಪ ಜಾಸ್ತಿ ತಡೀತಲ್ಲ, ಅದನ್ನೇ ಕೊಡಿ.”

ನಾನು ಹೇಳಿದ್ದನ್ನು ಒಂದು ಮಾತೂ ಕೇಳದೆ ನಂಬಿಬಿಟ್ಟಳು! ಹತ್ತಿಂಚಿನದನ್ನು ಬ್ಯಾಗಿಗೆ ಹಾಕಿಕೊಂಡು ಹೋದಳು. ಅದು ಆಕಾಶದ ಮಧ್ಯೆ ಕಪ್ಪಾಗುವುದನ್ನು ನೆನೆದು ಆ ಸಂಜೆ ನನಗೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಜಕ್ಕೂರಿನ ಗೇಟಿನ ಮುಂದೆ ನಿಂತಿದ್ದೆ. ಅವಳು ಹೊರಗೆ ಬಂದಳು.

“ನಾ ಸುಳ್ಳು ಹೇಳೀನ್ರಿ. ಎಂಟಿಂಚಿಂದು ಎರಡು ತಾಸು ನಡೀತು. ಅದ ಪಕ್ಕಾ ಐತಿ.”

ಅವಳ ಮುಖ ಬಿಗಿಯಾಯಿತು. “ಯಾಕೆ ಹೇಳಿದ್ರಿ?”

“ಆರ್ಸೋದು ಮುಗದ್ರ ನೀವು ಮತ್ತ ಬರಂಗಿಲ್ಲ ಅಂತ್ರಿ.”

ಗೇಟಿನಾಚೆ ಎಂಜಿನ್ನೊಂದು ಶುರುವಾಗಿ, ಸದ್ದು ಏರಿ, ದೂರವಾಯಿತು. ಅವಳು ನಗಲಿಲ್ಲ.

“ನಾನು ನಿಮ್ಮ ಮಾತು ನಂಬಿದ್ದೆ ಶರಣು. ಮೇಲೆ ನನ್ನ ಪಕ್ಕ ಇನ್ನೊಂದು ಜೀವ ಕೂತಿರುತ್ತೆ.” ತಿರುಗಿ ಎರಡು ಹೆಜ್ಜೆ ಹೋದವಳು ನಿಂತಳು. “ಬಳ್ಳಾರಿಗೆ ಬರೀ ಕಾಗದದ ಮ್ಯಾಪಲ್ಲೇ ಹೋಗ್ತೀನಿ. ಭಾನುವಾರ ಏಳು ಗಂಟೆಗೆ ಎಂಟಿಂಚಿಂದು ತಗೊಂಡ್ಬನ್ನಿ. ವಿಮಾನದಲ್ಲಿ ನನ್ನ ಪಕ್ಕ ನೀವೇ ಅದನ್ನ ಹಿಡ್ಕೊಂಡು ಕೂತ್ಕೋಬೇಕು, ನನ್ನ ಕಣ್ಣೆದುರೇ ಪರೀಕ್ಷೆ ಆಗ್ಲಿ.”

ಶಿಕ್ಷೆ ಎಂದುಕೊಂಡೇ ಹೋದೆ. ರನ್‌ವೇ ಮೇಲೆ ಓಡುತ್ತಿದ್ದ ವಿಮಾನದ ನಡುಕ ತಟ್ಟನೆ ನಿಂತಿತು. ಕೆಳಗೆ ನೋಡಿದರೆ ನೆಲವೇ ಇರಲಿಲ್ಲ, ಜಕ್ಕೂರು ಕೆರೆ ಇತ್ತು. ಅದರ ಮೇಲೆ ಹಾರುತ್ತಿದ್ದ ಕೊಕ್ಕರೆಗಳ ಬೆನ್ನು ಕಂಡಿತು. ಹಕ್ಕಿಯ ಬೆನ್ನನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು.

ರಾಜಾನುಕುಂಟೆಯ ದ್ರಾಕ್ಷಿ ಚಪ್ಪರಗಳು, ಮಂಜು ಆರದ ರಾಗಿ ಹೊಲಗಳು, ಆಚೆ ಚಿಕ್ಕಬಾಣಾವರದ ಸ್ಟೇಷನ್. ನಾಲ್ಕು ವರ್ಷದ ಹಿಂದೆ ಒಂದು ಬ್ಯಾಗು ಹಿಡಿದು ನಾನು ಬಂದಿದ್ದ ಹಳಿ ಬಿಸಿಲಲ್ಲಿ ಹೊಳೆಯುತ್ತಿತ್ತು. ದಿನಾ ಬಸ್ಸಿನ ಕಿಟಕಿಯಲ್ಲಿ ಬೈದುಕೊಂಡು ನೋಡಿದ ಊರು ಇಷ್ಟು ದೊಡ್ಡದೇ, ಇಷ್ಟು ಚಂದವೇ! ನನಗೆ ಅಳು ಬಂತು. ಪಕ್ಕದಲ್ಲಿ ಅವಳು ಎರಡೇ ಬೆರಳಲ್ಲಿ ವಿಮಾನದ ಹ್ಯಾಂಡಲ್ ಹಿಡಿದು ಅಷ್ಟನ್ನೂ ಮೆಲ್ಲಗೆ ತಿರುಗಿಸಿ ತೋರಿಸುತ್ತಿದ್ದಳು.

ಹೆಡ್‌ಸೆಟ್ಟಿನಲ್ಲಿ ನನ್ನ ದನಿಯೇ ನನಗೆ ಕೇಳಿಸಿತು. “ಮೇಡಂ, ನಿಮ್ಮ ಮ್ಯಾಲ ನನಗ ಭಾಳ ಪ್ರೀತಿ ಐತ್ರಿ.”

ಅವಳು ಮುಂದೆಯೇ ನೋಡುತ್ತಿದ್ದಳು. ಕಿವಿಯ ತುದಿ ಮಾತ್ರ ಕೆಂಪಾಯಿತು. “ಎತ್ತರ ಓದಿ.”

“ನಾಲ್ಕು ಸಾವಿರದ ಐನೂರು.”

“ಸ್ಪೀಡು?”

“ತೊಂಬತ್ತೈದು ನಾಟ್.”

“ಎರಡೂ ಸರಿಯಾಗಿದೆ.”

ಇಳಿದ ಮೇಲೆ ಎಂಟಿಂಚಿನ ಆರು ಟ್ಯಾಬ್ಲೆಟ್‌ಗಳಿಗೆ ಆರ್ಡರ್ ಬರೆದು ಸಹಿ ಹಾಕಿ ಕೊಟ್ಟಳು. ಸೋಮವಾರ ನಾನೇ ಆ್ಯಪ್ ಹಾಕಿ, ಪರೀಕ್ಷಿಸಿ, ಪ್ಯಾಕ್ ಮಾಡಿದೆ. ಕ್ಲಬ್ಬಿನ ಡ್ರೈವರ್ ಬಂದು ಒಯ್ದ. ನಿಜ ಹೇಳಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ, ಆದರೆ ಬಾಗಿಲ ಸದ್ದಾದಾಗಲೆಲ್ಲ ಕತ್ತು ತಾನಾಗಿ ತಿರುಗುತ್ತಿತ್ತು. ಬುಧವಾರದ ಹೊತ್ತಿಗೆ ಅದನ್ನೂ ಬಿಟ್ಟೆ.

ಗುರುವಾರ ಸಂಜೆ ಮಜೀದ್ ಭಾಯ್, “ಶರಣು, ಗಿರಾಕಿ ನೋಡೋ,” ಎಂದರು. ತಲೆಯೆತ್ತಿದೆ. ಭುಜದ ಪಟ್ಟಿಗಳಿಲ್ಲದ, ಹಳದಿ ಚೂಡಿದಾರದ ರಾಧಾಮಣಿ.

ಗಾಬರಿಯಾಯಿತು. “ಯಾವುದಾರ ಕೆಟ್ಟೈತೇನ್ರಿ ಮೇಡಂ?”

“ಇಲ್ಲ, ಆರೂ ಚೆನ್ನಾಗಿವೆ.”

“ಕವರ್ ಬೇಕಿತ್ತಾ? ಚಾರ್ಜರ್?”

ಅವಳು ಸ್ಟೂಲ್ ಎಳೆದುಕೊಂಡು ಕೂತಳು.

“ಏನೂ ಬೇಡ ಶರಣು. ಸುಮ್ನೆ ಬಂದೆ.”